ಹೊಲಿಗೆ ಅಕ್ಕೋರ ಮರು ತರಬೇತಿ

ನಮ್ಮ ಮನೆಯ ಪಡಸಾಲೆಯಲ್ಲಿ, ದೇವರ ಫೋಟೋಗಳ ಸಾಲು ಮುಗಿದಲ್ಲಿ, ಒಂದು ಗಾಜಿನ ಚೌಕಟ್ಟು ಬಹಳ ವರ್ಷ ತೂಗುತ್ತಿತ್ತು. ಸದರಿಯವರು ಕಂಪ್ಯೂಟರ್ ಶಿಕ್ಷಣದ ಮಾಸ್ಟರ್ ಟ್ರೇನರ್ ಆಗಿ ಶ್ಲಾಘನೀಯ ಸೇವೆ ಸಲ್ಲಿಸಿದ್ದಾರೆ ಎಂದು ಅದರಲ್ಲಿ ಬಂಗಾರದ ಬಣ್ಣದ ಅಕ್ಷರಗಳಿದ್ದವು. ಬಂದವರು ಅದರ ಕೆಳಗೆ ಕುಳಿತು ಚಹಾ ಕುಡಿದು, ತಲೆ ಎತ್ತಿ ಓದಿ, "ಭಾರಿ ಆತು ಬಿಡ್ರಿ ಸರ" ಎನ್ನುತ್ತಿದ್ದರು. ನಾನು ಹಲ್ಲು ಕಿರಿಯುತ್ತಿದ್ದೆ. ಹೋದ ತಿಂಗಳು ಅದನ್ನು ಮೊಳೆಯಿಂದ ಕಿತ್ತು ಅಟ್ಟಕ್ಕೆ ಒಗೆದೆ. "ಯಾಕ್ರಿ, ಗಾಜು ಒಡದೈತೇನು?" ಎಂದು ಹೆಂಡತಿ ಕೇಳಿದಳು. ಗಾಜು ಒಡೆದಿರಲಿಲ್ಲ. ಬನಹಟ್ಟಿಯ ಹೊಲಿಗೆ ಅಕ್ಕೋರು ತೀರಿಕೊಂಡ ಸುದ್ದಿ ಬಂದಿತ್ತು.

ಶಾಲೆಯಲ್ಲಿ ಕಲಿಸುವ ಹೆಣ್ಣುಮಗಳನ್ನು ನಮ್ಮ ಕಡೆ ಅಕ್ಕೋರು ಎನ್ನುತ್ತಾರೆ. ಇವರ ಹೆಸರನ್ನು ನಾನು ಬರೆಯುವುದಿಲ್ಲ. ಒಮ್ಮೆ ನನ್ನ ಕೈಯಿಂದಲೇ ಆ ಹೆಸರಿನ ಮುಂದೆ ಬರೆಯಬಾರದ್ದನ್ನು ಬರೆದಿದ್ದೇನೆ, ಅಷ್ಟು ಸಾಕು. ನಿವೃತ್ತ ಶಿಕ್ಷಕರ ಸಂಘದವರು ಫೋನು ಮಾಡಿ, "ಅವರಿಗೆ ಕಂಪ್ಯೂಟರ್ ಕಲಿಸಿದವರು ನೀವ ಅಲ್ರಿ, ಸಂತಾಪ ಸಭೆಗೆ ಎರಡು ಛಲೋ ಮಾತು ಬರದು ಕಳಸ್ರಿ" ಎಂದರು. ಕಲಿಸಿದವರು! ಥೂ. ಆ ಮಾತು ಕಿವಿಗೆ ಬಿದ್ದಾಗ ಮೈಮೇಲೆ ಹುಳ ಹರಿದ ಹಾಗಾಯಿತು. ಛಲೋ ಮಾತು ಬರೆಯಲು ಕುಳಿತರೆ ಪೆನ್ನು ಏಳಲಿಲ್ಲ. ಹಾಗಾಗಿ ಇದ್ದದ್ದನ್ನು ಇದ್ದ ಹಾಗೆ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನಾನು ಮಾಸ್ಟರ್ ಟ್ರೇನರ್ ಆದ ಹೇಸಿಗೆಯ ಕತೆಯನ್ನು ಮುಗಿಸಿಬಿಡುತ್ತೇನೆ. ಬಾಗಲಕೋಟೆ ಹೊಸ ಜಿಲ್ಲೆಯಾಗಿ ನಾಲ್ಕಾರು ವರ್ಷವಾಗಿತ್ತು. ಹೈಸ್ಕೂಲುಗಳಿಗೆ ಕಂಪ್ಯೂಟರ್ ಬರುತ್ತವೆ, ಪ್ರತಿ ಶಾಲೆಯ ಒಬ್ಬ ಶಿಕ್ಷಕರಿಗೆ ತರಬೇತಿ ಆಗಬೇಕು, ಆ ಶಿಕ್ಷಕರಿಗೆ ತರಬೇತಿ ಕೊಡಲು ಒಂದಷ್ಟು ಮಂದಿ ತರಬೇತುದಾರರು ಬೇಕು ಎಂದು ಆದೇಶ ಬಂತು. ನಾನಾಗ ಜಮಖಂಡಿಯಲ್ಲಿ ಗಣಿತದ ಮಾಸ್ತರ. ನಮ್ಮ ಹೆಡ್ಮಾಸ್ತರರು ಆದೇಶವನ್ನು ನನ್ನ ಮುಂದೆ ಹಿಡಿದು, "ನಿಮಗ ಗಣಿತ ಬರತೈತಿ, ಇಂಗ್ಲಿಷ್ ಓದಾಕ ಬರತೈತಿ, ಇನ್ನೇನು ಬೇಕ್ರಿ?" ಎಂದರು. ಬಾಗಲಕೋಟೆಯಲ್ಲಿ ಮೂರು ದಿನ ತರಬೇತಿ. ಮೊದಲನೇ ದಿನ ಉದ್ಘಾಟನೆ. ಎರಡನೇ ದಿನ ಕರೆಂಟು ಇಲ್ಲ. ಮೂರನೇ ದಿನ ಪ್ರಮಾಣಪತ್ರ. ವೇದಿಕೆಯ ಮೇಲೆ ಒಂದೇ ಒಂದು ಕಂಪ್ಯೂಟರ್, ಅದಕ್ಕೂ ನನಗೂ ನಡುವೆ ನಲವತ್ತು ತಲೆಗಳು. ಮೂರನೇ ದಿನ ಮಧ್ಯಾಹ್ನ ದೂರದಲ್ಲಿ ಒಂದು ನೀಲಿ ಬೆಳಕು ಕಂಡಿತು. ಯಾರೋ ಏನನ್ನೋ ಅಲ್ಲಾಡಿಸಿ, "ನೋಡಿದ್ರೆಲ್ಲಾ?" ಎಂದರು. ನಾವೆಲ್ಲ "ನೋಡಿದ್ವಿ" ಎಂದೆವು. ಬಸ್ಸು ಹತ್ತಿ ಮಾಸ್ಟರ್ ಟ್ರೇನರ್ ಆಗಿ ಊರಿಗೆ ಬಂದೆ. ಮೌಸು ಬಿಸಿ ಇರುತ್ತದೋ ತಣ್ಣಗಿರುತ್ತದೋ ನನಗೆ ಗೊತ್ತಿರಲಿಲ್ಲ.

ಗೊತ್ತಿಲ್ಲ ಎಂದು ಹೇಳಬಹುದಿತ್ತು. ಹೇಳಲಿಲ್ಲ. ಮುಂದಿನದೆಲ್ಲ ಅಲ್ಲಿಂದಲೇ ಕೊಳೆಯುತ್ತ ಬಂತು.

ಜಮಖಂಡಿಯಲ್ಲಿ ನನ್ನ ಮೊದಲ ಹತ್ತು ದಿನದ ತರಬೇತಿ. ಜಮಖಂಡಿ, ಮುಧೋಳ, ಬೀಳಗಿ ಕಡೆಯಿಂದ, ರಬಕವಿ-ಬನಹಟ್ಟಿಯಿಂದ ಮೂವತ್ತು ಜನ ಬಂದಿದ್ದರು. ಹಾಲ್‌ನಲ್ಲಿ ಒಂದು ಕಂಪ್ಯೂಟರ್. ಅದಕ್ಕೊಂದು ಟೇಬಲ್ಲು, ಟೇಬಲ್ಲಿಗೊಂದು ಹೊಸ ಟವೆಲ್ಲು, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಚಪ್ಪಲಿ ಹೊರಗೆ ಬಿಡಬೇಕು. ಬೆಳಗ್ಗೆ ಊದಿನಕಡ್ಡಿ ಹಚ್ಚಬೇಕು. ಮಾನಿಟರಿನ ಹಣೆಗೆ ನಾನೇ ಕುಂಕುಮ ಇಟ್ಟಿದ್ದೆ. ಕೈಯಲ್ಲೊಂದು ಬೆತ್ತ ಹಿಡಿದು ದೂರದಿಂದ, "ಇದು ಮಾನಿಟರ್, ಇದು ಕೀಬೋರ್ಡ್, ಇದು ಮೌಸ್" ಎಂದು ತೋರಿಸುತ್ತಿದ್ದೆ. ಚಾಲೂ ಮಾಡುವುದನ್ನು ಕಂಪ್ಯೂಟರ್ ತಂದವನು ಹೇಳಿಕೊಟ್ಟಿದ್ದ. ಬಂದ್ ಮಾಡುವುದನ್ನು ಕೇಳಿಕೊಂಡಿರಲಿಲ್ಲ, ಅದಕ್ಕೆ ಸಂಜೆ ಗೋಡೆಯ ಪ್ಲಗ್ಗು ಕೀಳುತ್ತಿದ್ದೆ. ಯಾರಾದರೂ ಹತ್ತಿರ ಬಂದರೆ, "ಕೆಟ್ಟರ ಯಾರು ಜವಾಬ್ದಾರರು?" ಎನ್ನುತ್ತಿದ್ದೆ. ಸರ್ಕಾರಿ ನೌಕರನ ಎದೆ ಒಡೆಯಲು ಇಷ್ಟು ಸಾಕು. ಎಲ್ಲರೂ ಹಿಂದೆ ಸರಿದು, ಕೂತು, ನಾನು ಹೇಳಿ ಬರೆಸಿದ್ದನ್ನು ಬರೆದುಕೊಳ್ಳುತ್ತಿದ್ದರು. ಕಂಪ್ಯೂಟರ್ ಎಂದರೇನು? ಅದರ ಉಪಯೋಗಗಳನ್ನು ಬರೆಯಿರಿ. ಕೀಬೋರ್ಡಿನ ಚಿತ್ರ ತೆಗೆದು ಭಾಗಗಳನ್ನು ಗುರುತಿಸಿರಿ.

ಮೊದಲ ದಿನ ಎಲ್ಲರೂ ಎದ್ದು ನಿಂತು ಪರಿಚಯ ಹೇಳಿಕೊಂಡರು. ಬೀಳಗಿ ಕಡೆಯ ಮಾಸ್ತರರೊಬ್ಬರು, "ನಮ್ಮ ಹಳೆ ಊರು ಹಿನ್ನೀರಿನಾಗ ಹೋತು. ಹೊಸ ಊರಾಗ ಸಾಲಿಗೆ ಇನ್ನೂ ಕರೆಂಟಿಲ್ಲ. ಆದ್ರೂ ಕಂಪ್ಯೂಟರ್ ಕಲಕೊಂಡು ಬಾ ಅಂತ ಕಳಿಸ್ಯಾರ್ರಿ" ಎಂದರು. ಎಲ್ಲರೂ ನಕ್ಕರು. ಅವರ ನಂತರ ಎದ್ದವರೇ ಅಕ್ಕೋರು. ತೆಳ್ಳನೆಯ ಮೈ, ನಲವತ್ತರ ಆಸುಪಾಸು, ಕೊರಳಲ್ಲಿ ಅಳತೆ ಟೇಪು ಹಾಗೇ ಉಳಿದಿತ್ತು. ಶಾಲೆಯಿಂದ ನೇರ ಬಸ್ಸಿಗೆ ಬಂದವರು ತೆಗೆಯಲು ಮರೆತಿದ್ದರು. "ನಾ ಹೊಲಿಗಿ ಕಲಸ್ತೇನ್ರಿ. ಗಣಿತದವರು ಒಲ್ಲೆ ಅಂದ್ರು, ವಿಜ್ಞಾನದವರು ಒಲ್ಲೆ ಅಂದ್ರು. 'ನಿಮಗ ಮಷೀನ್ ನಡಸಾಕ ಬರತೈತೆಲ್ಲ, ನೀವ ಹೋಗ್ರಿ' ಅಂದ್ರು ನಮ್ಮ ಹೆಡ್ಮಾಸ್ತರು. ಆರು ಕಂಪ್ಯೂಟರ್ ಬಂದು ಸಾಲ್ಯಾಗ ಕುಂತಾವ. ಹುಡುಗ್ಯಾರು ದಿನಾ ಖಿಡಕ್ಯಾಗ ಹಣಕಿ ಹಾಕಿ ನೋಡ್ತಾರ. ಕಲ್ತು ಹೋಗಬೇಕ್ರಿ ನಾನು" ಎಂದರು. ಮತ್ತೆ ನಗೆ ಎದ್ದಿತು. ಅವರು ನಗಲಿಲ್ಲ, ಕೂತರು, ನೋಟ್‌ಬುಕ್ ತೆರೆದರು.

ಅವರಿಗೊಂದು ಚಾಳಿ ಇತ್ತು. ಯಾರಾದರೂ ಉದ್ದುದ್ದ ಮಾತಾಡತೊಡಗಿದರೆ ಅವರ ಮುಖ ನೋಡುತ್ತಿರಲಿಲ್ಲ, ಅಂಗಿಯ ಅಂಚು ನೋಡುತ್ತಿದ್ದರು. ಹೊಲಿಗೆ ನೆಟ್ಟಗಿದೆಯೋ ಸೊಟ್ಟಗಿದೆಯೋ ಎಂದು. ಹತ್ತು ದಿನ ನನ್ನ ಅಂಗಿಯ ಅಂಚನ್ನು ಅವರು ನೋಡಿದಷ್ಟು ನನ್ನ ದರ್ಜಿಯೂ ನೋಡಿರಲಿಕ್ಕಿಲ್ಲ.

ಎರಡನೇ ದಿನ ಕೀಬೋರ್ಡಿನ ಚಿತ್ರ ತೆಗೆದು ತನ್ನಿ ಎಂದಿದ್ದೆ. ಉಳಿದವರೆಲ್ಲ ನೋಟ್‌ಬುಕ್ಕಿನಲ್ಲಿ ಗೇಣುದ್ದದ ಚಿತ್ರ ತೆಗೆದು ತಂದರು. ಅಕ್ಕೋರು ಮಾತ್ರ ಅಂದಿನ ಊಟದ ಹೊತ್ತಿನಲ್ಲಿ ಚೀಲದಿಂದ ಆ ಟೇಪು ತೆಗೆದು, ಮುಟ್ಟದೆ, ಅರ್ಧ ಬೆರಳು ಎತ್ತರದಲ್ಲಿ ಹಿಡಿದು ಕೀಬೋರ್ಡನ್ನು ಅಳೆದುಕೊಂಡರು. ಮರುದಿನ ಕಂದು ಕಾಗದದ ಮೇಲೆ ಅದೇ ಅಳತೆಯ ಕೀಬೋರ್ಡು ಬರೆದು ತಂದರು. ಒಂದೊಂದು ಕೀಲಿಗೂ ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣದಲ್ಲಿ ಗೆರೆ. ಅದನ್ನು ಮಡಿಲಲ್ಲಿಟ್ಟುಕೊಂಡು ಬೆರಳು ಆಡಿಸುತ್ತಿದ್ದರು. ಬನಹಟ್ಟಿ ಬಸ್ಸಿನಲ್ಲೂ ಹಾಗೇ ಮಾಡುತ್ತ ಹೋಗುತ್ತಿದ್ದರಂತೆ, ಪಕ್ಕದವರು ಇವರಿಗೆ ಏನೋ ಆಗಿದೆ ಎಂದು ಸರಿದು ಕೂರುತ್ತಿದ್ದರಂತೆ. ಐದನೇ ದಿನದ ಹೊತ್ತಿಗೆ ಕಣ್ಣು ಮುಚ್ಚಿ ಕಾಗದದ ಮೇಲೆ ತಮ್ಮ ಹೆಸರು ಹೊಡೆಯುತ್ತಿದ್ದರು.

"ಸರ, ಒಂದ ಸಲ ಖರೇದರ ಮ್ಯಾಲ ಕೈ ಹಚ್ಚಿ ನೋಡತೇನ್ರಿ" ಎಂದರು.

"ಕೆಟ್ಟರ ಯಾರು ಜವಾಬ್ದಾರರು?" ಎಂದೆ.

"ಕೆಡಸಿದ್ರ ಬಿಚ್ಚಿ ಮತ್ತ ಹೊಲಿಯೂಣ್ರಿ. ನಮ್ಮ ಕೆಲಸಾನ ಅದಲ್ರಿ?"

ಬಿಚ್ಚಿ ಮತ್ತೆ ಹೊಲಿಯುವುದು ಅವರ ಬಾಯಿಪಾಠ. ತಪ್ಪಿದ ಹೊಲಿಗೆಯ ಮೇಲೆ ಇನ್ನೊಂದು ಹೊಲಿಗೆ ಹಾಕಿದರೆ ಗಂಟಾಗುತ್ತದೆ, ಆ ಗಂಟು ಮೈಗೆ ಚುಚ್ಚುತ್ತಲೇ ಇರುತ್ತದೆ, ಅದಕ್ಕೆ ಮೊದಲು ಬಿಚ್ಚಬೇಕು ಎಂದು ಹುಡುಗಿಯರಿಗೆ ಹೇಳುತ್ತಿದ್ದರಂತೆ. ನನಗೆ ಅಂದು ಅದು ಉದ್ಧಟತನ ಅನ್ನಿಸಿತು. ಕೈ ಹಚ್ಚಲು ಬಿಡಲಿಲ್ಲ. ಬಿಟ್ಟರೆ, "ಮುಂದೇನು ಮಾಡಲಿ ಸರ?" ಎಂದು ಕೇಳುತ್ತಿದ್ದರು. ಮುಂದೇನು ಎಂಬುದು ನನಗೇ ಗೊತ್ತಿರಲಿಲ್ಲ.

ಆರನೇ ದಿನ ಕರೆಂಟು ಹೋಯಿತು. ಕತ್ತಲಾದ ಮಾನಿಟರಿನ ಮುಂದೆ ನಿಂತು, "ಪ್ರೋಗ್ರಾಂ ಎಂದರೆ ಸೂಚನೆಗಳ ಗುಚ್ಛ" ಎಂದು ಬರೆಸಿದೆ. ಬೀಳಗಿಯ ಮಾಸ್ತರರು ಪೆನ್ನು ಕೆಳಗಿಟ್ಟು, "ಗುಚ್ಛ ಅಂದ್ರ ಏನ್ರಿ ಸರ, ತಿಳಿಯೂಹಂಗ ಹೇಳ್ರಿ" ಎಂದರು. ನಾನು ಅದೇ ವಾಕ್ಯವನ್ನು ಇನ್ನೂ ಜೋರಾಗಿ ಹೇಳಿದೆ. ಕಲಿಸಲು ಬಾರದವನಿಗೆ ಇರುವುದು ಅದೊಂದೇ ವಿದ್ಯೆ. ಆಗ ಅಕ್ಕೋರು, ಸೆಕೆಗೆ ಗಾಳಿ ಹಾಕಿಕೊಳ್ಳುತ್ತಿದ್ದ ಒಂದು ರಟ್ಟಿನ ಪಟ್ಟಿಯನ್ನು ಎತ್ತಿ ಹಿಡಿದರು. ಅದರ ತುಂಬ ಸಾಲು ಸಾಲು ತೂತು.

"ಇದು ನಮ್ಮ ಮನಿ ಮಗ್ಗದ್ದರಿ. ಸೀರಿ ಸೆರಗಿನಾಗ ನವಿಲು ಬರತೈತೆಲ್ಲ, ಅದು ಇದರಾಗ ಐತಿ. ತೂತು ಇದ್ದಲ್ಲಿ ಎಳಿ ಏಳತೈತಿ, ಇಲ್ಲದಲ್ಲಿ ಏಳಂಗಿಲ್ಲ. ಇಷ್ಟ. ಮಗ್ಗಕ್ಕ ನವಿಲು ಅಂದ್ರೇನು ಗೊತ್ತೈತೇನ್ರಿ? ಅದರಪ್ಪನಾಣಿ ಗೊತ್ತಿಲ್ಲ. ಒಂದರ ಹಿಂದ ಒಂದು ಪಟ್ಟಿ ಹೇಳಿದಂಗ ಮಾಡಕೋಂತ ಹೋಕ್ಕೈತಿ, ಕಡೀಕ ನವಿಲು ಬರತೈತಿ. ಸರ ಹೇಳಾಕತ್ತಿದ್ದು ಇದನ್ನ ಇರಬೇಕು."

ಬೀಳಗಿಯವರು ಪಟ್ಟಿ ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿ, "ಮತ್ತ ತೂತು ತಪ್ಪಿದ್ರ?" ಎಂದರು.

"ತಪ್ಪಿದ್ರ ಎಲ್ಲಾ ನವಿಲೂ ಕಣ್ಣಿಲ್ಲದ ಕುಲ್ಡ ಆಕ್ಕಾವ್ರಿ. ನೂರು ಸೀರಿ ನೇಯ್ರಿ, ನೂರೂ ಕುಲ್ಡ. ಹಂಗಾದಾಗ ನವಿಲಿನ ಕಣ್ಣು ತಿದ್ದಾಕ ಹೋಗಬಾರದು, ಪಟ್ಟಿ ಹುಡುಕಿ ಅದನ್ನ ತಿದ್ದಬೇಕು."

ಆರು ದಿನ ಬಾಡಿಹೋಗಿದ್ದ ಮೂವತ್ತು ಮುಖಗಳು ಅರಳಿದವು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಒಬ್ಬ ಹೊಲಿಗೆ ಟೀಚರು, ನನ್ನ ತರಬೇತಿಯಲ್ಲಿ, ನನ್ನ ಮುಂದೆ! ಇದನ್ನು ಬರೆಯುವಾಗ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ.

ಕೊನೆಯ ದಿನ ಹಿಮ್ಮಾಹಿತಿ ನಮೂನೆ ತುಂಬಬೇಕು. ತರಬೇತಿ ಹೇಗಿತ್ತು ಎಂದು ತರಬೇತಿ ಪಡೆದವರು ಬರೆದು ಮೇಲಕ್ಕೆ ಕಳಿಸುವ ಕಾಗದ ಅದು. ನಮ್ಮಲ್ಲಿ ಅದನ್ನು ತುಂಬುವ ಪದ್ಧತಿ ಹೊರಗಿನವರಿಗೆ ಗೊತ್ತಿರಲಿಕ್ಕಿಲ್ಲ. ಉತ್ತರಗಳನ್ನು ತರಬೇತುದಾರನೇ ಕರಿಹಲಗೆಯ ಮೇಲೆ ಬರೆಯುತ್ತಾನೆ, ಶಿಕ್ಷಕರು ನಕಲು ಮಾಡುತ್ತಾರೆ. "ತರಬೇತಿಯು ಅತ್ಯಂತ ಉಪಯುಕ್ತವಾಗಿತ್ತು. ಪ್ರಾಯೋಗಿಕ ಅಭ್ಯಾಸಕ್ಕೆ ಸಾಕಷ್ಟು ಅವಕಾಶವಿತ್ತು." ನಾನು ದುಂಡಗೆ ಬರೆದೆ. ಮಕ್ಕಳು ನಕಲು ಹೊಡೆದರೆ ಕಿವಿ ಹಿಂಡುವ ಇಪ್ಪತ್ತೊಂಬತ್ತು ಜನ ತಲೆ ಬಗ್ಗಿಸಿ ನಕಲು ಹೊಡೆದರು. ಮೂವತ್ತನೆಯ ನಮೂನೆಯಲ್ಲಿ ಒಂದೇ ಸಾಲಿತ್ತು: "ಹತ್ತು ದಿನ ಕುಳಿತೆ. ಮೌಸ್ ಮುಟ್ಟಲು ಸಿಗಲಿಲ್ಲ."

"ಅಕ್ಕೋರ, ಇದನ್ನ ಮ್ಯಾಲ ಹೆಂಗ ಕಳಸೂದ್ರಿ?" ಎಂದೆ.

"ಟಪಾಲಿಗೆ ಹಾಕ್ರಿ."

ಹರಿದು ಹಾಕಿ ಹೊಸ ನಮೂನೆ ಕೊಟ್ಟೆ. ಅದರಲ್ಲೂ ಅದೇ ಸಾಲನ್ನು ಬರೆದರು. ಅಕ್ಷರ ಮೊದಲಿಗಿಂತ ದುಂಡಗಿತ್ತು. ಅದನ್ನೂ ಹರಿದು, ಮೂರನೆಯದನ್ನು ನಾನೇ ಎಡಗೈಯಲ್ಲಿ ಬರೆದು ಹಚ್ಚಿದೆ. ಆಮೇಲೆ ಮೌಲ್ಯಮಾಪನ ಪಟ್ಟಿ ತೆಗೆದೆ. ಎಲ್ಲರ ಹೆಸರಿನ ಮುಂದೆ ಷರಾ ಬರೆಯುವ ಒಂದು ಅಂಕಣ. ಮುಧೋಳ ಕಡೆಯ ಕಬ್ಬಿನ ಊರಿನವರೊಬ್ಬರು ಹತ್ತೂ ದಿನ ಮಧ್ಯಾಹ್ನ ಗೊರಕೆ ಹೊಡೆದಿದ್ದರು. ಅವರ ಮುಂದೆ "ಅತ್ಯುತ್ತಮ" ಎಂದು ಬರೆದೆ. ಅಕ್ಕೋರ ಹೆಸರಿನ ಮುಂದೆ "ಮರು ತರಬೇತಿ ಅಗತ್ಯ" ಎಂದು ಬರೆದೆ. ಅಷ್ಟೇ. ಪೆನ್ನಿನ ಟೋಪಿ ಹಾಕಿ, ಕೈ ತೊಳೆದು ಊಟಕ್ಕೆ ಹೋದೆ. ಹೊಟ್ಟೆ ತುಂಬ ಉಂಡೆ, ಅದೂ ನೆನಪಿದೆ.

ಎರಡು ತಿಂಗಳಿಗೆ ಆದೇಶ ಬಂತು. ತರಬೇತಿ ಪೂರ್ಣಗೊಳಿಸಿದ ಶಿಕ್ಷಕರಿಲ್ಲದ ಶಾಲೆಗಳ ಕಂಪ್ಯೂಟರುಗಳನ್ನು ಶಿಕ್ಷಕರಿರುವ ಶಾಲೆಗೆ ವರ್ಗಾಯಿಸತಕ್ಕದ್ದು. ಅಕ್ಕೋರ ಶಾಲೆಯ ಆರೂ ಕಂಪ್ಯೂಟರುಗಳು ಟೆಂಪೋ ಹತ್ತಿ ಆ ಗೊರಕೆಯವರ ಶಾಲೆಗೆ ಹೋದವು.

ಒಂದು ರವಿವಾರ ಅಕ್ಕೋರು ನಮ್ಮ ಮನೆಗೆ ಬಂದರು. ಚೀಲದಿಂದ ಆರು ಬಟ್ಟೆಯ ಹೊದಿಕೆಗಳನ್ನು ತೆಗೆದು ಚಾಪೆಯ ಮೇಲೆ ಹರವಿದರು. ಹುಡುಗಿಯರು ಅಳತೆ ತೆಗೆದು ಕಂಪ್ಯೂಟರುಗಳಿಗೆಂದು ಹೊಲಿದದ್ದು. ಒಂದೊಂದರ ಮೇಲೂ ಕಸೂತಿಯ ನವಿಲು. "ಮಷೀನ್ ಒಯ್ದ್ರು, ಇವನ್ನ ಚೆಲ್ಲಿ ಹೋದ್ರು. ಹುಡುಗ್ಯಾರು ಅತ್ತಾರ್ರಿ ಸರ. ಒಂದ ಸಾಲು ಬರದು ಕೊಡ್ರಿ, ಈಕಿ ಕಲತಾಳ ಅಂತ. ತಿರಗಿ ಬರತಾವಂತ, ನಮ್ಮ ಹೆಡ್ಮಾಸ್ತರು ಕೇಳಿಕೊಂಡು ಬಂದಾರ" ಎಂದರು. ನಾನು "ನೋಡೂಣ್ರಿ" ಎಂದೆ. ನಮ್ಮವಳು ಚಹಾ ತಂದಿಟ್ಟು, ಒಂದು ಹೊದಿಕೆಯ ಮೇಲೆ ಕೈಯಾಡಿಸಿ, ಅವರು ಹೋದ ಮೇಲೆ, "ಬರದು ಕೊಡಾಕ ನಿಮ್ಮದೇನು ಗಂಟು ಹೋಕ್ಕಿತ್ತರಿ?" ಎಂದಳು. "ನಿನಗೇನ ತಿಳಿತೈತಿ, ಸುಮ್ನಿರು" ಎಂದೆ. ಅವಳಿಗೆ ತಿಳಿದಿತ್ತು. ಬರೆದುಕೊಟ್ಟರೆ ಮೊದಲು ಬರೆದದ್ದು ಸುಳ್ಳು ಎಂದಾಗುತ್ತಿತ್ತು. ಒಂದು ಸುಳ್ಳನ್ನು ಬಿಚ್ಚಿದರೆ ಎಲ್ಲವೂ ಬಿಚ್ಚಿಕೊಂಡು ಬರುತ್ತದೆಂಬ ಭಯ. ನೋಡೋಣ ನೋಡೋಣ ಎನ್ನುತ್ತ ವರ್ಷ ಕಳೆದೆ.

ಮುಂದಿನ ವರ್ಷ ಆ ಕಬ್ಬಿನ ಊರಿನ ಶಾಲೆಗೆ ತಪಾಸಣೆಗೆ ಹೋದೆ. ಸಮೀರವಾಡಿಯ ಸಕ್ಕರೆ ಫ್ಯಾಕ್ಟರಿಯ ರಸ್ತೆ ತುಂಬ ಕಬ್ಬಿನ ಟ್ರ್ಯಾಕ್ಟರುಗಳು. ಗೊರಕೆಯವರು ಎಳನೀರು ಕೊಟ್ಟು ಕೋಣೆಯ ಬೀಗ ತೆಗೆದರು. ಆರೂ ಕಂಪ್ಯೂಟರುಗಳು ರಟ್ಟಿನ ಡಬ್ಬದಲ್ಲೇ ಇದ್ದವು. ಡಬ್ಬಗಳ ಮೇಲೆ ಅಕ್ಕಿ ಚೀಲ ಪೇರಿಸಿದ್ದರು. "ಬಿಚ್ಚಿಲ್ಲೇನ್ರಿ?" ಎಂದೆ. "ಬಿಚ್ಚಿದ್ರ ಕೆಡತಾವ್ರಿ ಸರ. ಕೆಟ್ಟರ ಯಾರು ಜವಾಬ್ದಾರರು ಅಂತ ನೀವ ಹೇಳಿದ್ರೆಲ್ಲ" ಎಂದು ನಕ್ಕರು. ನನ್ನ ಮಾತು ನನಗೇ ಎಂಜಲಾಗಿ ಮರಳಿ ಬಂತು. ಆದರೂ ವರದಿಯಲ್ಲಿ "ಎಲ್ಲ ಉಪಕರಣಗಳು ಸುಸ್ಥಿತಿಯಲ್ಲಿವೆ" ಎಂದು ಬರೆದೆ. ಸುಳ್ಳಲ್ಲ ನೋಡಿ. ಮುಟ್ಟದ ವಸ್ತು ಸುಸ್ಥಿತಿಯಲ್ಲೇ ಇರುತ್ತದೆ.

ಇಷ್ಟಕ್ಕೆ ನಿಂತಿದ್ದರೂ ಒಂದು ಮಾತು. "ಮರು ತರಬೇತಿ ಅಗತ್ಯ" ಎಂಬ ಷರಾ ಒಮ್ಮೆ ಕಾಗದದಲ್ಲಿ ಕೂತರೆ ಅದಕ್ಕೆ ಮರಣವಿಲ್ಲ. ಪ್ರತಿ ವರ್ಷ ತರಬೇತಿಯ ಪಟ್ಟಿ ತಯಾರಿಸುವ ಗುಮಾಸ್ತ ಹಳೆಯ ಪಟ್ಟಿ ನೋಡಿ ಅಕ್ಕೋರ ಹೆಸರನ್ನು ಮೊದಲು ಬರೆಯುತ್ತಿದ್ದ. ಅವರು ಬರುತ್ತಿದ್ದರು. ಮುಂದಿನ ಸಾಲಿನಲ್ಲಿ ಕೂರುತ್ತಿದ್ದರು. ಕಂಪ್ಯೂಟರ್ ಎಂದರೇನು ಎಂದು ಬರೆದುಕೊಳ್ಳುತ್ತಿದ್ದರು. ಆ ಯೋಜನೆ ಮುಗಿಯುವ ತನಕ ಏಳು ವರ್ಷ, ಏಳು ಸಲ! ಹೊಸದಾಗಿ ಬಂದ ಎಳೆಯ ಮಾಸ್ತರರು ಹಿಂದಿನ ಬೆಂಚಿನಿಂದ, "ಅಕ್ಕೋರು ಈ ಸಲಾನೂ ಪಾಸಾಗಲಿಲ್ಲೇನ್ರಿ?" ಎಂದು ಚೇಷ್ಟೆ ಮಾಡುತ್ತಿದ್ದರು. ನಾನು ಕೇಳಿಯೂ ಕೇಳದವನಂತೆ ಬೋರ್ಡಿಗೆ ಮುಖ ಮಾಡುತ್ತಿದ್ದೆ. ಕೊನೆಯ ದಿನ ಅವರು ಅದೇ ಸಾಲನ್ನು ಬರೆದು ಕೊಡುತ್ತಿದ್ದರು. ನಾನು ಅದನ್ನು ಹರಿಯುತ್ತಿದ್ದೆ.

ಅವರು ಕಲಿಯದೇ ಕೂತಿರಲಿಲ್ಲ. ಬನಹಟ್ಟಿಯಲ್ಲಿ ಸೀರೆಯ ನಮೂನೆ ಬರೆಯುವ ಒಂದು ಅಂಗಡಿಗೆ ಕಂಪ್ಯೂಟರ್ ಬಂದಿತ್ತು. ಶಾಲೆ ಬಿಟ್ಟ ಮೇಲೆ ಅಲ್ಲಿ ಕೂತು, ಅಂಗಡಿಯವರಿಗೆ ನವಿಲು, ರುದ್ರಾಕ್ಷಿ, ತೇರು ಬಿಡಿಸಿಕೊಟ್ಟು, ಬದಲಿಗೆ ಕಂಪ್ಯೂಟರ್ ಕಲಿತರು. ಮೌಸು ಅವರ ಕೈಗೆ ಸೂಜಿಯಷ್ಟೇ ಸಲೀಸಾಯಿತು. ರವಿವಾರ ನಾಲ್ಕು ನಾಲ್ಕು ಹುಡುಗಿಯರನ್ನು ಕರೆದೊಯ್ದು ಕಲಿಸುತ್ತಿದ್ದರು. ಕೆಲಸಕ್ಕೆ ಅಡ್ಡಿಯಾಗುತ್ತದೆಂದು ಅಂಗಡಿಯವರು ಆಮೇಲೆ ಹುಡುಗಿಯರನ್ನು ಬೇಡ ಎಂದರು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಷರಾ ತೆಗೆಯಲಿಲ್ಲ.

ಈಗ ಹೇಳಲೇಬೇಕಾದದ್ದಕ್ಕೆ ಬಂದೆ. ನಾಲ್ಕನೆಯ ವರ್ಷವಿರಬೇಕು. ಕೈಬರಹದ ವರದಿ ನಡೆಯುವುದಿಲ್ಲ, ಟೈಪು ಮಾಡಿಯೇ ಕಳಿಸಬೇಕು ಎಂದು ಮೇಲಿನಿಂದ ಹುಕುಂ ಬಂತು. ಕಂಪ್ಯೂಟರ್ ತರಬೇತುದಾರನ ವರದಿ, ಮತ್ತೆ! ಕೊನೆಯ ದಿನ ಊಟದ ಹೊತ್ತಿನಲ್ಲಿ ನಾನು ಬಲಗೈಯ ತೋರುಬೆರಳಿಗೆ ಬಿಳಿ ಬಟ್ಟೆಯ ಪಟ್ಟಿ ಸುತ್ತಿಕೊಂಡು ಅಕ್ಕೋರ ಹತ್ತಿರ ಹೋದೆ. "ಬೆರಳಿಗೆ ಬಾಗಲಾ ಬಡದೈತ್ರಿ. ಇಷ್ಟು ಹೊಡದು ಕೊಡ್ರಿ" ಎಂದೆ. ಅವರು ನನ್ನ ಬೆರಳನ್ನು, ಅಂಗಿಯ ಅಂಚು ನೋಡುವ ಹಾಗೆ ಒಂದು ಗಳಿಗೆ ನೋಡಿದರು. ಹೊದಿಕೆ ತೆಗೆದು ಕೂತರು. ನನ್ನ ತರಬೇತಿಗಳಲ್ಲಿ ಅವರಿಗೆ ಮೌಸು ಸಿಕ್ಕಿದ್ದು ಅದೊಂದೇ ಸಲ. ಅದೂ ನನ್ನ ಚಾಕರಿಗೆ.

ಅವರ ಬೆರಳುಗಳು ಕೀಲಿಗಳ ಮೇಲೆ ಹರಿದಾಡಿದವು. ನಾನು ಬಾಯಿ ತೆರೆದು ನಿಂತೆ. ಹೆಸರುಗಳ ಪಟ್ಟಿ ಬಂತು, ಷರಾಗಳು ಬಂದವು. ಒಂದು ಕಡೆ ಬೆರಳುಗಳು ನಿಂತವು. ಅವರದೇ ಹೆಸರು. ಮುಂದೆ ನನ್ನ ಕೈಬರಹದಲ್ಲಿ "ಮರು ತರಬೇತಿ ಅಗತ್ಯ."

"ಇದನ್ನೂ ಹೊಡೀಲೇನ್ರಿ ಸರ?"

ನಾನು ಕಿಟಕಿಯಾಚೆಯ ಬೇವಿನ ಗಿಡ ನೋಡಿದೆ. ಆಗ "ಬ್ಯಾಡ್ರಿ" ಎಂಬ ಒಂದು ಶಬ್ದ ಸಾಕಿತ್ತು. ಆರು ಕಂಪ್ಯೂಟರುಗಳು ಅಕ್ಕಿ ಚೀಲದ ಕೆಳಗಿನಿಂದ ಎದ್ದು ಬರುತ್ತಿದ್ದವು.

"ಇದ್ದದ್ದು ಇದ್ದಂಗ ಹೊಡೀರಿ" ಎಂದೆ.

ಹೊಡೆದರು. ಒಂದೂ ತಪ್ಪಿಲ್ಲದೆ ಹೊಡೆದರು. ಪ್ರಿಂಟು ತೆಗೆದು ಮುಂದಿಟ್ಟರು. ನಾನು ಪೆನ್ನು ತೆಗೆದು, ಪಟ್ಟಿ ಕಟ್ಟಿದ ಅದೇ ಬೆರಳಿನಿಂದ, ನನ್ನ ಮಾಮೂಲಿ ಉದ್ದನೆಯ ಸಹಿಯನ್ನು ಸರಸರ ಎಳೆದೆ. ಬಾಲಕ್ಕೆ ಎರಡು ಗೆರೆ ಹಾಕಿ ಚುಕ್ಕಿ ಇಡುವಾಗ ನೆನಪಾಯಿತು, ಬೆರಳು ನೋಯುತ್ತಿದೆ ಎಂದು ಹೇಳಿದ್ದೇನೆಂದು. ತಲೆ ಎತ್ತಿದೆ. ಅಕ್ಕೋರು ನೋಡುತ್ತಿದ್ದರು. ಹೊದಿಕೆಯನ್ನು ಮತ್ತೆ ಕಂಪ್ಯೂಟರಿಗೆ ಹೊಚ್ಚಿ, ಮೂಲೆಗಳನ್ನು ಎಳೆದು ಸರಿಮಾಡಿ, ಊಟಕ್ಕೆ ಹೋದರು.

ಅವರ ನಿವೃತ್ತಿಯ ದಿನ ಅವರ ಶಾಲೆಗೆ ನನ್ನನ್ನು ಅತಿಥಿಯಾಗಿ ಕರೆದಿದ್ದರು. ಅಷ್ಟೊತ್ತಿಗೆ ಆ ಶಾಲೆಗೆ ಬೇರೆ ಯೋಜನೆಯಲ್ಲಿ ಬೇರೆ ಕಂಪ್ಯೂಟರುಗಳು ಬಂದಿದ್ದವು. ಕಿಟಕಿಯಲ್ಲಿ ಇಣುಕುತ್ತಿದ್ದ ಹುಡುಗಿಯರು ಎಂದೋ ಹತ್ತನೇ ಇಯತ್ತೆ ಮುಗಿಸಿ, ಮದುವೆಯಾಗಿ, ಮಗ್ಗದ ಮುಂದೆಯೋ ಒಲೆಯ ಮುಂದೆಯೋ ಕೂತಿದ್ದರು. ಅವರಿಗೆ ತಪ್ಪಿದ್ದು ಯಾವ ಯೋಜನೆಯಲ್ಲೂ ತಿರುಗಿ ಬರುವಂಥದ್ದಲ್ಲ. ನಾನು ಮೈಕು ಹಿಡಿದು ಶಿಸ್ತು, ಸರಳತೆ, ಕಲಿಯುವ ಹಂಬಲ ಎಂದೆಲ್ಲ ಬಡಬಡಿಸಿದೆ. ಅಕ್ಕೋರು ವೇದಿಕೆಯ ಮೇಲೆ ಕೂತು ನನ್ನ ಅಂಗಿಯ ಅಂಚು ನೋಡುತ್ತಿದ್ದರು.

ಊಟಕ್ಕೆ ಎಲೆ ಹಾಕುವಾಗ ನನ್ನನ್ನು ವರಾಂಡದ ಕಂಬದ ಹತ್ತಿರ ಕರೆದರು.

"ಸರ, ಒಂದ ಮಾತು ಕೇಳತೇನಿ, ಸಿಟ್ಟಾಗಬ್ಯಾಡ್ರಿ. ಅವತ್ತ ವರದಿ ಹೊಡಸುವಾಗ ಬೆರಳಿಗೆ ಪಟ್ಟಿ ಕಟಗೊಂಡಿದ್ರೆಲ್ಲ. ಖರೇನ ನೋಯಾಕತ್ತಿತ್ತೇನ್ರಿ?"

ಬೇರೆ ಯಾರೂ ಹತ್ತಿರ ಇರಲಿಲ್ಲ. ನನಗೂ ನಿವೃತ್ತಿ ಆಗಿತ್ತು. ಪೆನ್ಷನ್ ಮಂಜೂರಾಗಿತ್ತು. ಕಳೆದುಕೊಳ್ಳುವಂಥದ್ದು ಏನೂ ಉಳಿದಿರಲಿಲ್ಲ. ಆದರೂ ಈ ನಾಲಿಗೆ, ಈ ಹಾಳಾದ ನಾಲಿಗೆ, ರೂಢಿಯಂತೆ ಹೊರಳಿತು.

"ಖರೇನ ನೋಯಾಕತ್ತಿತ್ರಿ ಅಕ್ಕೋರ. ಬಾಗಲಾ ಬಡದಿತ್ತಲ್ಲ."

ಅವರು ನನ್ನ ಬೆರಳಿನತ್ತ ನೋಡಿದರು.

"ಹಂಗಾರ ಆತು ಬಿಡ್ರಿ. ನಾ ಬ್ಯಾರೇನ ತಿಳಕೊಂಡಿದ್ದೆ. ನಿಮಗೂ ಬರಾಂಗಿಲ್ಲ, ನಿಮಗೂ ಯಾರೂ ಕೈ ಹಚ್ಚಾಕ ಕೊಟ್ಟಿಲ್ಲ, ಪಾಪ ಅಂಜಿ ಹಂಗ ಮಾಡ್ಯಾರ ಅಂತ. ಅಂಜಿದವರ ಮ್ಯಾಲ ಏನ್ ಸಿಟ್ಟು ಮಾಡೂದು ಅಂತ ಏಳು ವರ್ಷ ಬಂದು ಕುಂತೇನ್ರಿ. ನಿಮಗ ಬರತಿತ್ತು, ಬಂದೂ ನಮಗ ಕೈ ಹಚ್ಚಾಕ ಕೊಡಲಿಲ್ಲ ಅಂದ್ರ..."

ಮಾತು ಅಲ್ಲಿಗೇ ಬಿಟ್ಟರು. "ಊಟಕ್ಕ ಏಳ್ರಿ" ಎಂದು ಬಡಿಸುವವರ ಕಡೆ ನಡೆದರು. ನನ್ನ ಎಲೆಗೆ ಹೋಳಿಗೆಯನ್ನು ಬೇರೆಯವರ ಕೈಯಲ್ಲಿ ಹಾಕಿಸಿದರು. ಆಮೇಲೆ ಹಾದಿಯಲ್ಲಿ ಎರಡು ಸಲ ಎದುರಾದರು. ಎರಡೂ ಸಲ ತಲೆ ಬಗ್ಗಿಸಿ ಹೋದರು. ಇಷ್ಟು ವರ್ಷ ಇಟ್ಟುಕೊಂಡಿದ್ದ ಕ್ಷಮೆಯನ್ನು ಅವರು ಆ ಕಂಬದ ಹತ್ತಿರ ವಾಪಸು ತೆಗೆದುಕೊಂಡಿದ್ದರು. ಆ ಒಂದು ಸುಳ್ಳಿನಿಂದ ಅದನ್ನು ನಾನೇ ಕೈಯಾರೆ ಕಳೆದುಕೊಂಡಿದ್ದೆ.

ನಿನ್ನೆ ಸಂಘದವರು ಮತ್ತೆ ಫೋನು ಮಾಡಿದರು. ಸಭೆ ನಾಳೆಯೇ ಇದೆಯಂತೆ. ಎರಡು ಮಾತು ಸಾಕಂತೆ. ಪಕ್ಕದ ಮನೆಯ ಹುಡುಗಿಯ ಹತ್ತಿರ ಕೂತು, ಯಾವ ಕೀಲಿ ಎಲ್ಲಿದೆ ಎಂದು ಅವಳನ್ನೇ ಕೇಳಿ ಕೇಳಿ, ಒಂದೇ ಬೆರಳಿನಿಂದ ಒಂದು ತಾಸು ಒದ್ದಾಡಿ, ನಾನೇ ಟೈಪು ಮಾಡಿ ಕಳಿಸಿದೆ. ಸಭೆಯಲ್ಲಿ ಓದುತ್ತಾರೋ, ಹರಿದು ಹಾಕಿ ಬೇರೆ ಛಲೋ ಮಾತು ಬರೆದುಕೊಳ್ಳುತ್ತಾರೋ ಗೊತ್ತಿಲ್ಲ. ಅದರಲ್ಲಿ ಎರಡೇ ಮಾತಿವೆ:

"ಬೆರಳು ನೋಯುತ್ತಿರಲಿಲ್ಲ, ಅಕ್ಕೋರ. ನನಗೆ ಬರುತ್ತಿರಲಿಲ್ಲ."